ತೊಂಬತ್ತು ದಿನಗಳ ಮುದ್ರೆ

ಬಾದಾಮಿ ಚಾಲುಕ್ಯರ ತಾಮ್ರಶಾಸನಗಳನ್ನು ಕಂಡವರಿಗೆ ಅವುಗಳ ಕಟ್ಟು ನೆನಪಿರುತ್ತದೆ. ತಾಮ್ರದ ಹಲಗೆಗಳಿಗೆ ತೂತು ಕೊರೆದು, ಬಳೆ ತೊಡಿಸಿ, ಬಳೆಯ ತುದಿಗಳು ಕೂಡುವಲ್ಲಿ ವರಾಹದ ಮುದ್ರೆ ಒತ್ತುತ್ತಿದ್ದರು. ಬಳೆಯ ಕೆಲಸ ಒಂದು, ಮುದ್ರೆಯ ಕೆಲಸ ಇನ್ನೊಂದು. ನಡುವೆ ಯಾರೂ ಹಲಗೆ ಬದಲಿಸದಂತೆ ಬಳೆ ಕಾಯುತ್ತಿತ್ತು. ಇದು ಅರಮನೆಯಿಂದಲೇ ಹೊರಟದ್ದೆಂದು ಮುದ್ರೆ ಸಾರುತ್ತಿತ್ತು. ಇವತ್ತು ಮೊಬೈಲಿನಲ್ಲಿ ಬ್ಯಾಂಕಿನದೋ ರೈಲ್ವೆಯದೋ ಪುಟ ತೆರೆದರೆ, ವಿಳಾಸದ ಮೊದಲಲ್ಲಿ ಎಚ್‌ಟಿಟಿಪಿ ಎಂಬುದರ ಬಾಲಕ್ಕೆ ಒಂದು ‘ಎಸ್’ ಅಂಟಿಕೊಂಡಿರುತ್ತದೆ. ಅದು ಮಾಡುವುದೂ ಇದೇ ಎರಡು ಕೆಲಸ. ನಮ್ಮ ಫೋನಿಗೂ ದೂರದ ಸರ್ವರಿಗೂ ನಡುವೆ ಹರಿಯುವ ಮಾತನ್ನು ಗೂಢಲಿಪಿಯಲ್ಲಿ ಮುಚ್ಚುವುದು ಒಂದು. ಆ ತುದಿಯಲ್ಲಿರುವುದು ನಾವು ಕೇಳಿದ ವಿಳಾಸದ ಯಂತ್ರವೇ ಎಂದು ಪ್ರಮಾಣಪತ್ರ ತೋರಿಸುವುದು ಇನ್ನೊಂದು. ಬೀಗದಂತಿರುವ ಈ ಒಂದಕ್ಷರ ನಡೆದುಬಂದ ದಾರಿಯೇ ಇಂದಿನ ಮಾತಿನ ವಿಷಯ.

ಈ ದಾರಿಯಲ್ಲಿ ಒಂದು ಒಗಟಿದೆ. ಅಪರಿಚಿತರಿಬ್ಬರು ಮೊದಲೇ ಭೇಟಿಯಾಗದೆ ಗುಟ್ಟಿನ ಕೀಲಿಯೊಂದನ್ನು ಹಂಚಿಕೊಳ್ಳಬಹುದೆಂದು ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ 1976ರಲ್ಲೇ ತೋರಿಸಿದರು. ಮರುವರ್ಷ ಎಂಐಟಿಯ ರಿವೆಸ್ಟ್, ಶಮೀರ್, ಏಡಲ್‌ಮನ್ ಅದನ್ನು ಮುದ್ರೆಯೊತ್ತಲೂ ಬರುವಂಥ ಲೆಕ್ಕವಾಗಿ ಬೆಳೆಸಿದರು. ಬ್ರಿಟನ್ನಿನ ಗೂಢಚಾರ ಸಂಸ್ಥೆಯ ಗಣಿತಜ್ಞರು ಇವರಿಗಿಂತ ಮೊದಲೇ ಇದನ್ನು ಕಂಡುಕೊಂಡಿದ್ದರೆಂಬುದು 1997ರಲ್ಲಿ ಬಯಲಾಯಿತು. ಅಂದರೆ ವೆಬ್ ಹುಟ್ಟುವ ಹೊತ್ತಿಗೆ ಬೀಗದ ಗಣಿತಕ್ಕೆ ಸುಮಾರು ಹದಿನೈದು ವರ್ಷವಾಗಿತ್ತು. ಹಾಗಿದ್ದೂ 2015ರಲ್ಲಿ ಜಗತ್ತಿನ ಜನ ತೆರೆಯುತ್ತಿದ್ದ ಪುಟಗಳಲ್ಲಿ ಅರ್ಧಕ್ಕೂ ಹೆಚ್ಚು ಅಂಚೆ ಕಾರ್ಡಿನಂತೆ ಬಯಲಲ್ಲೇ ಓಡಾಡುತ್ತಿದ್ದವು. ಅಲ್ಲಿಂದ ಐದೇ ವರ್ಷಕ್ಕೆ, 2020ರ ಫೆಬ್ರವರಿಯಲ್ಲಿ, ನೂರಕ್ಕೆ 81 ಪುಟಗಳು ಬೀಗ ತೊಟ್ಟಿದ್ದವು. ನಾಲ್ಕು ದಶಕ ಆಗದಿದ್ದ ಕೆಲಸ ಐದು ವರ್ಷದಲ್ಲಿ ಆದದ್ದು ಹೇಗೆ? ಬೀಗ ಗಟ್ಟಿಯಾದದ್ದರಿಂದಲ್ಲ, ಅದನ್ನು ಕೂರಿಸುವ ಕೆಲಸ ಹಗುರವಾದದ್ದರಿಂದ ಎಂಬುದು ನನ್ನ ವಾದ.

ಮೊದಲ ಅಡ್ಡಿ ಕಾನೂನಿನದು. ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ವೆಬ್ ಕಟ್ಟಿದ್ದು ಭೌತವಿಜ್ಞಾನಿಗಳು ತಮ್ಮ ಬರಹ ಹಂಚಿಕೊಳ್ಳಲಿ ಎಂದು. ಹಂಚುವುದಕ್ಕೆಂದೇ ಇದ್ದುದಕ್ಕೆ ಬೀಗ ಯಾರಿಗೂ ಹೊಳೆಯಲಿಲ್ಲ. ವ್ಯಾಪಾರ ಕಾಲಿಟ್ಟ ಮೇಲೆ ಕ್ರೆಡಿಟ್ ಕಾರ್ಡಿನ ಸಂಖ್ಯೆ ಕಾಯಬೇಕಾಗಿ ಬಂತು. ನೆಟ್‌ಸ್ಕೇಪ್ ಕಂಪನಿ 1995ರಲ್ಲಿ ಎಸ್‌ಎಸ್‌ಎಲ್ ಎಂಬ ಪದ್ಧತಿಯನ್ನು ಹೊರತಂದಿತು. ಮರುವರ್ಷ ಅದನ್ನು ತಿದ್ದಿ ಬರೆಯಿತು. ಅದರ ಆಧಾರದ ಮೇಲೆ 1999ರಲ್ಲಿ ಟಿಎಲ್‌ಎಸ್ ಎಂಬ ಹೆಸರಿನ ಸಾರ್ವಜನಿಕ ಮಾನದಂಡ ಬಂತು. ಆದರೆ ಆಗ ಅಮೆರಿಕದ ಸರ್ಕಾರಕ್ಕೆ ಗೂಢಲಿಪಿ ಯುದ್ಧಸಾಮಗ್ರಿಯಂತೆ ಕಾಣುತ್ತಿತ್ತು. ಹೊರದೇಶಕ್ಕೆ ಕಳಿಸುವ ಬ್ರೌಸರಿನಲ್ಲಿ 40 ಬಿಟ್ಟಿನ ಬಡಕಲು ಕೀಲಿಯಷ್ಟೇ ಇರಬಹುದಿತ್ತು. ಫ್ರಾನ್ಸಿನ ಒಬ್ಬ ಸಂಶೋಧಕ 1995ರಲ್ಲಿ ಪ್ರಯೋಗಾಲಯದ ಕಂಪ್ಯೂಟರುಗಳನ್ನು ದುಡಿಸಿ ಅಂಥ ಕೀಲಿಯೊಂದನ್ನು ಸುಮಾರು ಎಂಟು ದಿನದಲ್ಲಿ ಮುರಿದು ತೋರಿಸಿದರು. ಈ ನಿರ್ಬಂಧ ಸಡಿಲವಾದದ್ದು 2000ದಲ್ಲಿ. ರಿವೆಸ್ಟ್, ಶಮೀರ್, ಏಡಲ್‌ಮನ್ನರ ಆರ್‌ಎಸ್‌ಎ ಲೆಕ್ಕದ ಮೇಲಿದ್ದ ಪೇಟೆಂಟ್ ಮುಗಿದದ್ದೂ ಅದೇ ವರ್ಷ. ಕಾನೂನೊಂದೇ ಕಾರಣವಾಗಿದ್ದರೆ ಅಲ್ಲಿಂದಾಚೆ ಬೀಗ ಮನೆಮಾತಾಗಬೇಕಿತ್ತು. ಆಗಲಿಲ್ಲ.

ಈ ಹೊತ್ತಿಗೆ ಸರ್ವರ್ ಮಾತ್ರ ಪುಕ್ಕಟೆಯಾಗಿತ್ತು. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್‌ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಹೊರಬಿಟ್ಟಿದ್ದರು. ಅದರ ಮೇಲೆ ಕೂತು ಪುಟ ಬಡಿಸುವ ಅಪಾಚಿ 1995ರಲ್ಲಿ ಬಂತು. ಮಿತವಾದ ಯಂತ್ರದಲ್ಲೂ ಸಾವಿರಾರು ಸಂಪರ್ಕಗಳನ್ನು ಒಟ್ಟಿಗೆ ನಿಭಾಯಿಸುವ ಎಂಜಿನ್‌ಎಕ್ಸ್ 2004ರಲ್ಲಿ ಬಂತು. ಹಳೆಯ ಕಂಪ್ಯೂಟರೊಂದಿದ್ದರೆ ಯಾರು ಬೇಕಾದರೂ ಜಾಲತಾಣ ನಡೆಸಬಹುದಿತ್ತು. ಬೀಗಕ್ಕೆ ಮಾತ್ರ ಪ್ರಮಾಣಪತ್ರ ಕೊಳ್ಳಬೇಕು. ಆ ಮಾರಾಟ ಎಂಥ ಲಾಭದ್ದಾಗಿತ್ತೆಂಬುದಕ್ಕೆ ಒಂದು ನಿದರ್ಶನ ಸಾಕು. ದಕ್ಷಿಣ ಆಫ್ರಿಕದ ಮಾರ್ಕ್ ಶಟಲ್‌ವರ್ತ್ 1995ರಲ್ಲಿ ಥಾಟ್ ಎಂಬ ಪ್ರಮಾಣಪತ್ರ ಸಂಸ್ಥೆ ಕಟ್ಟಿದರು. ಅದನ್ನು 1999ರ ಕೊನೆಯಲ್ಲಿ ವೆರಿಸೈನ್ ಕಂಪನಿ ಸುಮಾರು 57.5 ಕೋಟಿ ಡಾಲರಿಗೆ ಕೊಂಡಿತು. ಆ ಸಿರಿಯ ಬಲದಲ್ಲೇ ಶಟಲ್‌ವರ್ತ್ 2004ರಲ್ಲಿ ಉಬುಂಟು ಎಂಬ ಪುಕ್ಕಟೆ ಲಿನಕ್ಸ್ ಆರಂಭಿಸಿದರು. ಇಂದು ಪುಕ್ಕಟೆ ಪ್ರಮಾಣಪತ್ರ ತೊಡಿಸಿಕೊಂಡ ಸರ್ವರುಗಳಲ್ಲಿ ಎಷ್ಟೋ ಈ ಉಬುಂಟುವಿನ ಮೇಲೇ ನಡೆಯುತ್ತವೆ. ಮುದ್ರೆ ಮಾರಿದ ಹಣ ಕೊನೆಗೆ ಮುದ್ರೆ ಮಾರಬೇಕಿಲ್ಲದ ಕಾಲಕ್ಕೆ ನೆಲ ಹದಮಾಡಿತು.

ದುಡ್ಡಿಗಿಂತ ದೊಡ್ಡ ಅಡ್ಡಿ ತೊಡಕು. ಸರ್ವರ್ ನೋಡಿಕೊಳ್ಳುವವರು ಒಂದು ಗುಟ್ಟಿನ ಕೀಲಿ ಹುಟ್ಟಿಸಬೇಕು, ಅದರ ಜೋಡಿ ಕೀಲಿಯನ್ನಿಟ್ಟು ಅರ್ಜಿ ತಯಾರಿಸಬೇಕು, ದಾಖಲೆ ಕಳಿಸಿ ಕಾಯಬೇಕು, ಬಂದ ಪತ್ರಕ್ಕೆ ಮೇಲಿನ ಸಂಸ್ಥೆಗಳ ಪತ್ರಗಳನ್ನು ಸರಿಯಾದ ಅನುಕ್ರಮದಲ್ಲಿ ಜೋಡಿಸಬೇಕು, ಸರ್ವರಿನ ಸೆಟ್ಟಿಂಗ್ ತಿದ್ದಿ ಮತ್ತೆ ಚಾಲೂ ಮಾಡಬೇಕು. ವರ್ಷವೋ ಎರಡು ವರ್ಷವೋ ಕಳೆದು, ಹಿಂದೆ ಮಾಡಿದ್ದೆಲ್ಲ ಮರೆತುಹೋದ ಮೇಲೆ, ಮತ್ತೆ ಅದೇ ಪಾಡು. ತಾರೀಕು ತಪ್ಪಿದರೆ ಬಂದವರಿಗೆಲ್ಲ ಬ್ರೌಸರ್ ಅಪಾಯವೆಂದು ಕೂಗಿ ಹೇಳುತ್ತದೆ. ಈ ತೊಡಕೇ ಮುಖ್ಯ ಅಡ್ಡಿಯೆಂದು ಹೇಳಲು ನನ್ನ ಬಳಿ ಒಂದು ಹೋಲಿಕೆಯಿದೆ. ಎಸ್‌ಎಸ್‌ಎಲ್ ಬಂದ ಅದೇ 1995ರಲ್ಲಿ, ಫಿನ್ಲೆಂಡಿನ ತಾಂತ್ರಿಕ ವಿಶ್ವವಿದ್ಯಾಲಯವೊಂದರ ಜಾಲದಲ್ಲಿ ಪಾಸ್‌ವರ್ಡುಗಳ ಕಳವು ನಡೆಯಿತು. ಅಲ್ಲಿನ ಟಾಟು ಯಲೋನೆನ್ ದೂರದ ಯಂತ್ರಕ್ಕೆ ಗುಟ್ಟಾಗಿ ಲಾಗಿನ್ ಆಗಲು ಎಸ್‌ಎಸ್‌ಎಚ್ ಎಂಬ ತಂತ್ರಾಂಶ ಬರೆದು ಪುಕ್ಕಟೆ ಹಂಚಿದರು. ವರ್ಷ ಮುಗಿಯುವಷ್ಟರಲ್ಲಿ 50 ದೇಶಗಳ ಸುಮಾರು 20,000 ಜನ ಅದನ್ನು ಬಳಸುತ್ತಿದ್ದರು. ಗಣಿತ ಅದೇ ಬಗೆಯದು, ವರ್ಷ ಅದೇ, ಯಂತ್ರಗಳೂ ಅವೇ. ಒಂದೇ ವ್ಯತ್ಯಾಸ: ಎಸ್‌ಎಸ್‌ಎಚ್ ಕೂರಿಸಲು ಯಾರ ಅಪ್ಪಣೆಯೂ ಬೇಡ, ಯಾರಿಗೂ ಅರ್ಜಿ ಹಾಕಬೇಕಿಲ್ಲ.

ಈ ವಾದಕ್ಕೆ ಒಂದು ಆಕ್ಷೇಪವಿದೆ. ಜನ ಬೀಗದತ್ತ ಓಡಿದ್ದು ಸಲೀಸಾಯಿತೆಂದಲ್ಲ, ಹೆದರಿಕೆಯಿಂದ ಎನ್ನುವವರಿದ್ದಾರೆ. ಅದರಲ್ಲಿ ಹುರುಳಿಲ್ಲದಿಲ್ಲ. ಕಾಫಿ ಅಂಗಡಿಯ ವೈಫೈನಲ್ಲಿ ಪಕ್ಕದವರ ಖಾತೆಯೊಳಗೆ ಒಂದೇ ಕ್ಲಿಕ್ಕಿನಲ್ಲಿ ನುಗ್ಗಬಹುದೆಂದು ಫೈರ್‌ಶೀಪ್ ಎಂಬ ಪುಟ್ಟ ತಂತ್ರಾಂಶ 2010ರಲ್ಲಿ ತೋರಿಸಿತು. ಸರ್ಕಾರಗಳು ಜಾಲವನ್ನು ಸಗಟಾಗಿ ಕದ್ದು ಕೇಳುತ್ತಿವೆಯೆಂದು 2013ರಲ್ಲಿ ಎಡ್ವರ್ಡ್ ಸ್ನೋಡೆನ್ ದಾಖಲೆ ಹೊರಹಾಕಿದರು. ಗೂಗಲ್ 2014ರಲ್ಲಿ ಬೀಗವಿದ್ದ ತಾಣಕ್ಕೆ ಹುಡುಕಾಟದಲ್ಲಿ ತುಸು ಆದ್ಯತೆ ಕೊಟ್ಟಿತು, 2018ರ ಜುಲೈಯಿಂದ ತನ್ನ ಕ್ರೋಮ್ ಬ್ರೌಸರಿನಲ್ಲಿ ಬೀಗವಿಲ್ಲದ ಪುಟಕ್ಕೆಲ್ಲ ‘ಸುರಕ್ಷಿತವಲ್ಲ’ ಎಂಬ ಪಟ್ಟಿ ಅಂಟಿಸಿತು. ಆದರೆ ಹೆದರಿಕೆ ಮನಸ್ಸು ಕೊಡಬಹುದು, ಕೈಗೆ ಸಾಧನ ಕೊಡುವುದಿಲ್ಲ. ಸಾಧನವಿದ್ದ ದೊಡ್ಡ ಕಂಪನಿಗಳು ಹೆದರಿಕೆಯ ಮೊದಲ ಅಲೆಯಲ್ಲೇ ಬೀಗ ಹಾಕಿಕೊಂಡವು. ಜಿಮೇಲ್ ಅಂತೂ ಅದಕ್ಕೂ ಮೊದಲೇ, 2010ರ ಜನವರಿಯಲ್ಲಿ, ಎಲ್ಲ ಬಳಕೆದಾರರಿಗೂ ಹಾಕಿತ್ತು. ಸಣ್ಣ ತಾಣಗಳವರು ಹೆದರಿಯೂ ಸುಮ್ಮನಿದ್ದರು. ‘ಸುರಕ್ಷಿತವಲ್ಲ’ ಎಂಬ ಪಟ್ಟಿಯನ್ನು ಗೂಗಲ್ ಅಂಟಿಸಬಹುದಾದದ್ದೂ ಪುಕ್ಕಟೆ ಬೀಗ ಬಂದ ನಂತರವೇ. ಅದಕ್ಕೆ ಮುಂಚೆ ಅಂಟಿಸಿದ್ದರೆ ಬಡವನ ಬಾಗಿಲಿಗೆ ಅವಮಾನದ ಚೀಟಿ ಹೊಡೆದಂತಾಗುತ್ತಿತ್ತು.

ಆ ಪುಕ್ಕಟೆ ಬೀಗದ ಹೆಸರು ಲೆಟ್ಸ್ ಎನ್‌ಕ್ರಿಪ್ಟ್. ಮೊಜಿಲ್ಲಾ, ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯದವರು ಸೇರಿ 2014ರ ನವೆಂಬರಿನಲ್ಲಿ ಇದನ್ನು ಪ್ರಕಟಿಸಿದರು. 2015ರ ಡಿಸೆಂಬರಿನಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು. ಪುಕ್ಕಟೆ ಕೊಟ್ಟದ್ದಕ್ಕಿಂತ ಮನುಷ್ಯರ ಕೈಯನ್ನು ನಡುವಿಂದ ತೆಗೆದದ್ದು ಇವರ ದೊಡ್ಡ ಕೆಲಸ. ಇಂದು ವೆಬ್ ಅಪ್ಲಿಕೇಶನ್ ಒಂದನ್ನು ಊರಿಗೆ ತೋರಿಸಬೇಕೆಂದರೆ ನಡೆಯುವುದಿಷ್ಟು. ಬಾಡಿಗೆಗೆ ಲಿನಕ್ಸ್ ಸರ್ವರ್ ಹಿಡಿದು, ಕೊಂಡ ಹೆಸರನ್ನು ಅದರ ವಿಳಾಸಕ್ಕೆ ತಿರುಗಿಸುತ್ತಾರೆ. ಹೊರಗಿನವರಿಗೆ 80 ಮತ್ತು 443ನೇ ಬಾಗಿಲು, ಅಂದರೆ ಪೋರ್ಟು, ತಮ್ಮ ಲಾಗಿನ್‌ಗೆ 22ನೆಯದು, ಉಳಿದದ್ದೆಲ್ಲ ಮುಚ್ಚುತ್ತಾರೆ. ಅಪ್ಲಿಕೇಶನ್ ಒಳಮನೆಯ ಬಾಗಿಲೊಂದರಲ್ಲಿ ಕೂತಿರುತ್ತದೆ. ಎಂಜಿನ್‌ಎಕ್ಸ್ ಹೆಬ್ಬಾಗಿಲಲ್ಲಿ ನಿಂತು, ಬಂದವರ ಮಾತಿನ ಬೀಗ ತೆಗೆದು ಒಳಗೆ ದಾಟಿಸುತ್ತದೆ. ಇನ್ನು ಪ್ರಮಾಣಪತ್ರ. ಸರ್ಟ್‌ಬಾಟ್ ಎಂಬ ತಂತ್ರಾಂಶ ಅದನ್ನು ಕೇಳಿದಾಗ ಲೆಟ್ಸ್ ಎನ್‌ಕ್ರಿಪ್ಟ್ ಒಂದು ಸವಾಲು ಹಾಕುತ್ತದೆ: ಈ ಹೆಸರು ನಿನ್ನದಾದರೆ, ನಿನ್ನ ತಾಣದ ಇಂಥ ಮೂಲೆಯಲ್ಲಿ ಈ ಗುರುತಿನ ಕಡತ ಇಡು. ಇಟ್ಟ ಕಡತವನ್ನು 80ನೇ ಬಾಗಿಲಿಂದ ಬಂದು ನೋಡಿ, ಪತ್ರ ಕೊಡುತ್ತದೆ. ನಿಮಿಷದೊಳಗಿನ ಕೆಲಸ. ಆಮೇಲೆ ಯಂತ್ರವೇ ದಿನಕ್ಕೆರಡು ಬಾರಿ ತಾರೀಕು ನೋಡಿ, ತಿಂಗಳು ಬಾಕಿಯಿರುವಾಗ ನವೀಕರಿಸಿಕೊಳ್ಳುತ್ತದೆ. ಇದರ ಫಲ 2020ರ ಫೆಬ್ರವರಿಗೆ 100 ಕೋಟಿ ಪ್ರಮಾಣಪತ್ರ. ಆಗ ಅಲ್ಲಿ ಪೂರ್ಣಾವಧಿಗೆ ದುಡಿಯುತ್ತಿದ್ದವರು 13 ಮಂದಿ, ನೋಡಿಕೊಳ್ಳುತ್ತಿದ್ದ ತಾಣಗಳು 19 ಕೋಟಿಗೂ ಹೆಚ್ಚು. ಕೈಯಿಂದ ಅರ್ಜಿ ನೋಡುವ ಯಾವ ಕಚೇರಿಗೂ ಇದು ಆಗದ ಮಾತು.

ಗುಟ್ಟೇ ಇಲ್ಲದ ಪುಟಕ್ಕೆ ಬೀಗ ಯಾಕೆ ಎಂದು ಕೇಳುವವರಿದ್ದಾರೆ. ಕಥೆ, ಕವನ, ಅಡುಗೆಯ ವಿಧಾನ ಹಾಕುವ ತಾಣದಿಂದ ಏನು ಕಳವಾದೀತು? ಬೆಂಗಳೂರಿನಲ್ಲೇ ಇದಕ್ಕೆ ಉತ್ತರ ಸಿಕ್ಕಿದೆ. ಮೊಬೈಲ್ ಜಾಲವೊಂದರ ಮೂಲಕ ತನ್ನ ತಾಣ ತೆರೆದರೆ, ತಾನು ಬರೆಯದ ಸಂಕೇತದ ಸಾಲುಗಳು ಪುಟದೊಳಗೆ ಬಂದು ಕೂರುತ್ತಿರುವುದನ್ನು ಅಲ್ಲಿನ ತಂತ್ರಜ್ಞರೊಬ್ಬರು 2015ರಲ್ಲಿ ಪತ್ತೆಹಚ್ಚಿ ಸಾಕ್ಷಿಸಮೇತ ಪ್ರಕಟಿಸಿದರು. ಅವರಿಗೆ ಸಿಕ್ಕ ಬಹುಮಾನ ಆ ಸಾಲುಗಳ ಹಿಂದಿದ್ದ ಹೊರದೇಶದ ಕಂಪನಿಯೊಂದರ ಲಾಯರ್ ನೋಟಿಸು. ಆ ಪುಟದಲ್ಲಿ ಗುಟ್ಟೇನೂ ಇರಲಿಲ್ಲ. ಆದರೂ ಬರೆದವರ ಕೈಬಿಟ್ಟದ್ದು ಓದುವವರ ಕೈಸೇರುವಷ್ಟರಲ್ಲಿ ಬೇರೆಯಾಗಿತ್ತು. ತಾಮ್ರಶಾಸನದ ಬಳೆಯೂ ಬರಹವನ್ನು ಬಚ್ಚಿಡುತ್ತಿರಲಿಲ್ಲ. ಬೇರೆ ಹಲಗೆ ಸೇರದಂತೆ ನೋಡಿಕೊಳ್ಳುತ್ತಿತ್ತು.

ಇದಕ್ಕಿಂತ ತೂಕದ ಆಕ್ಷೇಪವೆಂದರೆ, ಎಲ್ಲರಿಗೂ ಸಿಗುವ ಬೀಗ ಕಳ್ಳರಿಗೂ ಸಿಗುತ್ತದೆ ಎಂಬುದು. ನಿಜ. ಬ್ಯಾಂಕಿನ ಹೆಸರಿಗೆ ಒಂದಕ್ಷರ ಹೆಚ್ಚುಕಮ್ಮಿ ಮಾಡಿ ಕೊಂಡ ಮೋಸದ ತಾಣಕ್ಕೂ ನಿಮಿಷದಲ್ಲಿ ಪತ್ರ ದೊರೆಯುತ್ತದೆ. ಈ ಪತ್ರ ಹೇಳುವುದು ‘ಇದು ಇದೇ ವಿಳಾಸ’ ಎಂದಷ್ಟೇ. ‘ಇಲ್ಲಿರುವವರು ಒಳ್ಳೆಯವರು’ ಎಂದಲ್ಲ. ವಿಳಾಸದ ಪಕ್ಕದ ಬೀಗದ ಚಿತ್ರ ನೋಡಿ ಜನ ತಪ್ಪು ಭರವಸೆ ಇಟ್ಟುಕೊಳ್ಳುತ್ತಾರೆಂದೇ ಕ್ರೋಮ್ 2023ರಲ್ಲಿ ಆ ಚಿತ್ರವನ್ನು ತೆಗೆದುಹಾಕಿತು. ಆದರೆ ದುಡ್ಡು ಕೊಟ್ಟು ಕೊಂಡ ಮುದ್ರೆಗಳ ಕಾಲ ಇದಕ್ಕಿಂತ ಭದ್ರವಾಗಿತ್ತೆಂದು ಚರಿತ್ರೆ ಹೇಳುವುದಿಲ್ಲ. ನೆದರ್ಲೆಂಡ್ಸಿನ ಡಿಜಿನೋಟಾರ್ ಸಂಸ್ಥೆಗೆ 2011ರಲ್ಲಿ ಕನ್ನ ಬಿತ್ತು. ಗೂಗಲ್ ಹೆಸರಿನ ಸುಳ್ಳು ಪತ್ರ ಹೊರಬಂದು ಇರಾನಿನ ಜನರ ವಿರುದ್ಧ ಬಳಕೆಯಾಯಿತು, ಸಂಸ್ಥೆ ದಿವಾಳಿಯಾಯಿತು. ನಮ್ಮ ದೇಶದ ರಾಷ್ಟ್ರೀಯ ಮಾಹಿತಿ ಕೇಂದ್ರದ ಮುದ್ರೆಯಡಿಯಲ್ಲೂ 2014ರಲ್ಲಿ ಗೂಗಲ್ ತಾಣಗಳ ಹೆಸರಿನ ಅನಧಿಕೃತ ಪತ್ರಗಳು ಕಂಡುಬಂದವು. ನಕಲಿ ಶಾಸನವನ್ನು ಶಾಸನತಜ್ಞರು ಕೂಟಶಾಸನ ಎನ್ನುತ್ತಾರಲ್ಲ, ಇವೂ ಅಂಥವೇ. ಅದಕ್ಕೆ ಮದ್ದಾಗಿ ಬಂದದ್ದು ಬೆಲೆಯೇರಿಕೆಯಲ್ಲ. ಪ್ರತಿ ಪತ್ರವನ್ನೂ ಯಾರು ಬೇಕಾದರೂ ನೋಡಬಹುದಾದ ಬಹಿರಂಗ ದಫ್ತರದಲ್ಲಿ ದಾಖಲಿಸುವ ಏರ್ಪಾಡು ಬಂತು. 2018ರಿಂದ ಹೊಸ ಪತ್ರಗಳಿಗೆ ಕ್ರೋಮ್ ಇದನ್ನು ಕಡ್ಡಾಯ ಮಾಡಿತು.

ಎಲ್ಲರ ಭಾರವೂ ಒಂದೇ ಕಂಬದ ಮೇಲೆ ಬಿದ್ದಿತಲ್ಲ ಎಂಬ ಆತಂಕವನ್ನು ಮಾತ್ರ ನಾನು ತಳ್ಳಿಹಾಕಲಾರೆ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ಬಿರುಕು ಕಂಡಾಗ, ಜಗತ್ತಿನ ಎಷ್ಟೋ ಸರ್ವರುಗಳು ನೆಚ್ಚಿದ್ದ ಆ ಕೆಲಸವನ್ನು ಬೆರಳೆಣಿಕೆಯ ಮಂದಿ ವರ್ಷಕ್ಕೆ ಸುಮಾರು 2,000 ಡಾಲರ್ ದೇಣಿಗೆಯಲ್ಲಿ ನಡೆಸುತ್ತಿದ್ದುದು ಗೊತ್ತಾಯಿತು. ಲೆಟ್ಸ್ ಎನ್‌ಕ್ರಿಪ್ಟ್ ನಡೆಯುವುದೂ ದೇಣಿಗೆ ಪ್ರಾಯೋಜಕತ್ವಗಳ ಮೇಲೆಯೇ. ಸಮಾಧಾನವೆಂದರೆ ಅದರ ಪತ್ರ ಕೇಳುವ ಪದ್ಧತಿ 2019ರಲ್ಲಿ ಬಹಿರಂಗ ಮಾನದಂಡವಾಯಿತು. ಇವತ್ತು ಬೇರೆ ಸಂಸ್ಥೆಗಳೂ ಅದೇ ಭಾಷೆಯಾಡುತ್ತವೆ. ಕಂಬ ಅಲುಗಿದರೆ ಸರ್ವರಿನ ಸೆಟ್ಟಿಂಗಿನಲ್ಲಿ ವಿಳಾಸ ಬದಲಿಸಿ ಇನ್ನೊಂದಕ್ಕೆ ಒರಗಬಹುದು.

ಕೊನೆಗೊಂದು ಮಾತು. ತಾಮ್ರಶಾಸನದ ದತ್ತಿಗೆ ಅವಧಿ ಆಚಂದ್ರಾರ್ಕ, ಸೂರ್ಯಚಂದ್ರರಿರುವ ತನಕ. ಜಾಲದ ಮುದ್ರೆಯ ಆಯಸ್ಸು ಮಾತ್ರ ಕುಗ್ಗುತ್ತಲೇ ಬಂದಿದೆ. ಒಂದು ಕಾಲಕ್ಕೆ ಐದು ವರ್ಷದ ಪತ್ರವೂ ಸಿಗುತ್ತಿತ್ತು. 2020ರ ಸೆಪ್ಟೆಂಬರಿನಲ್ಲಿ ಮಿತಿ 398 ದಿನಕ್ಕೆ ಇಳಿಯಿತು. ಲೆಟ್ಸ್ ಎನ್‌ಕ್ರಿಪ್ಟ್ ಮೊದಲಿಂದಲೇ 90 ದಿನ ಇಟ್ಟುಕೊಂಡಿತು: ಕೀಲಿ ಕಳವಾದರೂ ಹಾನಿ ಬಹುಕಾಲ ಉಳಿಯದಿರಲಿ, ನವೀಕರಣವನ್ನು ಜನ ಯಂತ್ರಕ್ಕೇ ಒಪ್ಪಿಸಲಿ ಎಂದು. 2029ರ ಮಾರ್ಚಿನಿಂದ ಯಾರ ಪತ್ರವೂ 47 ದಿನಕ್ಕಿಂತ ಹೆಚ್ಚು ಬಾಳಬಾರದೆಂದು ಬ್ರೌಸರ್ ಕಂಪನಿಗಳೂ ಪ್ರಮಾಣಪತ್ರ ಸಂಸ್ಥೆಗಳೂ ಸೇರಿ 2025ರಲ್ಲಿ ತೀರ್ಮಾನಿಸಿವೆ. ವರ್ಷಕ್ಕೊಮ್ಮೆ ಅರ್ಜಿ ಬರೆಯುವುದೇ ಹೊರೆಯಾಗಿದ್ದ ಕಾಲದಲ್ಲಿ ಇಂಥ ತೀರ್ಮಾನವನ್ನು ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಕೆಲಸ ಹಗುರವಾದದ್ದರಿಂದಲೇ ನಂಬಿಕೆಯನ್ನು ಒಮ್ಮೆ ಕೊಟ್ಟು ಮರೆಯದೆ, ಒಂದೂವರೆ ತಿಂಗಳಿಗೊಮ್ಮೆ ಹೊಸದಾಗಿ ಕೇಳಿ ಪಡೆಯುವುದು ಸಾಧ್ಯವಾಗಿದೆ.