‘ಖಾಲಿ ನೆಲ’ ಎಂಬ ಮಾತು

(ಅಮೆರಿಕದ ಪಶ್ಚಿಮ ವಲಸೆ ಮತ್ತು ನಮ್ಮ ಬೆಟ್ಟಸೀಮೆಯ ಇತಿಹಾಸ ಕುರಿತು ಲೊಕ್ಕನಹಳ್ಳಿಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಅಮೆರಿಕದ ಪಶ್ಚಿಮ ಭಾಗ ಎಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಸಿನಿಮಾದ ಕೌಬಾಯ್. ಅಗಲ ಅಂಚಿನ ಟೋಪಿ, ಸೊಂಟದಲ್ಲಿ ಪಿಸ್ತೂಲು, ಎದುರಿಗೆ ಕಣ್ಣು ಹಾಯುವಷ್ಟು ದೂರ ಬಯಲು. ಆ ಬಯಲಿನಲ್ಲಿ ಜನವೇ ಇಲ್ಲ. ಇದ್ದರೂ ಅವರು ಗುಡ್ಡದ ಮರೆಯಿಂದ ಕೂಗುತ್ತಾ ಬಂದು ಗುಂಡೇಟಿಗೆ ಉರುಳುವವರು. ಅವರಿಗೊಂದು ಹೆಸರಿಲ್ಲ, ಮನೆಯಿಲ್ಲ, ಹೊಲವಿಲ್ಲ.

ಈ ಚಿತ್ರ ಸುಳ್ಳು. ಆದರೆ ಬಹಳ ಪ್ರಯೋಜನಕ್ಕೆ ಬಂದ ಸುಳ್ಳು. ಒಂದು ನೆಲವನ್ನು ‘ಖಾಲಿ’ ಎಂದು ಕರೆದುಬಿಟ್ಟರೆ ಅದನ್ನು ತೆಗೆದುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಾಗುವುದಿಲ್ಲ. ಅಮೆರಿಕದಲ್ಲಿ ನಡೆದದ್ದು ಇದೇ. ನಮ್ಮ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ನಡುವಿನ ಈ ಸೀಮೆಯಲ್ಲೂ ಬೇರೊಂದು ಬಗೆಯಲ್ಲಿ ಇದೇ ನಡೆದಿದೆ. ಇವತ್ತು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ.

ದರಖಾಸ್ತು ಕೊಟ್ಟ ಖಂಡ

ಅಮೆರಿಕ ಸಂಯುಕ್ತ ಸಂಸ್ಥಾನ ಸ್ವತಂತ್ರವಾದಾಗ ಅದು ಅಟ್ಲಾಂಟಿಕ್ ಸಾಗರದ ಅಂಚಿನ 13 ರಾಜ್ಯಗಳ ಒಂದು ಕೂಟ. 1803ರಲ್ಲಿ ಅದು ಫ್ರಾನ್ಸಿನಿಂದ ಲೂಸಿಯಾನ ಎಂಬ ವಿಶಾಲ ಪ್ರದೇಶವನ್ನು ಒಂದೂವರೆ ಕೋಟಿ ಡಾಲರಿಗೆ ಕೊಂಡಿತು. ದೇಶದ ವಿಸ್ತಾರ ಒಂದೇ ಏಟಿಗೆ ಸುಮಾರು ಎರಡು ಪಟ್ಟಾಯಿತು. ಮಾರಿದವರು ಪ್ಯಾರಿಸ್ಸಿನಲ್ಲಿದ್ದರು, ಕೊಂಡವರು ವಾಷಿಂಗ್ಟನ್ನಿನಲ್ಲಿದ್ದರು. ಆ ನೆಲದಲ್ಲಿ ಬದುಕುತ್ತಿದ್ದ ಲಕೋಟ, ಒಸೇಜ್, ಪಾನಿ ಮುಂತಾದ ಜನರನ್ನು ಯಾರೂ ಕೇಳಲಿಲ್ಲ.

1830ರಲ್ಲಿ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯ ಆಚೆಗೆ ಕಳಿಸುವ ಕಾನೂನು ಬಂತು. ಚೆರೋಕೀ ಜನ ಆ ಹೊತ್ತಿಗಾಗಲೇ ತಮ್ಮದೇ ಲಿಪಿ, ಪತ್ರಿಕೆ, ಸಂವಿಧಾನ ರೂಪಿಸಿಕೊಂಡಿದ್ದರು. ಅವರು ಕೋರ್ಟಿಗೂ ಹೋದರು. 1832ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಆದರೂ 1838–39ರಲ್ಲಿ ಸೈನಿಕರು ಅವರನ್ನು ಮನೆಗಳಿಂದ ಎಬ್ಬಿಸಿ ನಡೆಸಿಕೊಂಡು ಹೋದರು. ದಾರಿಯಲ್ಲಿ, ಶಿಬಿರಗಳಲ್ಲಿ ಸತ್ತವರು ಸುಮಾರು 4 ಸಾವಿರ. ಅದನ್ನು ‘ಕಣ್ಣೀರಿನ ಹಾದಿ’ ಎಂದು ಕರೆಯುತ್ತಾರೆ.

1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. 1862ರಲ್ಲಿ ‘ಹೋಮ್‌ಸ್ಟೆಡ್’ ಕಾನೂನು ಬಂತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದೊಂದು ದೊಡ್ಡ ದರಖಾಸ್ತು. ಅಲ್ಪ ಶುಲ್ಕ ಕಟ್ಟಿ, ಐದು ವರ್ಷ ಅಲ್ಲೇ ಇದ್ದು ಉತ್ತರೆ 160 ಎಕರೆ ನಿಮ್ಮ ಹೆಸರಿಗೆ. ಈ ಕಾನೂನಿನಡಿ ಕಾಲಾಂತರದಲ್ಲಿ ಹಂಚಿದ್ದು ಸುಮಾರು 27 ಕೋಟಿ ಎಕರೆ. ಬಂದವರಲ್ಲಿ ಬಹಳ ಮಂದಿ ಯುರೋಪಿನ ಬಡವರು, ಹಸಿವಿನಿಂದ ಹಡಗು ಹತ್ತಿದವರು. ಅವರನ್ನು ದುಷ್ಟರೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವಂತಿಲ್ಲ. ಆದರೆ ಅವರ ಕೈಗೆ ಬಂದ ಹಕ್ಕುಪತ್ರದ ಹಿಂದೆ ಇನ್ನೊಬ್ಬರ ಹಕ್ಕು ಅಳಿಸಿಹೋಗಿತ್ತು.

1869ರಲ್ಲಿ ಖಂಡದ ಎರಡು ತುದಿಗಳನ್ನು ರೈಲು ಕೂಡಿಸಿತು. ಕೋಟಿಗಟ್ಟಲೆ ಇದ್ದ ಬೈಸನ್ ಹಿಂಡುಗಳನ್ನು ಚರ್ಮಕ್ಕಾಗಿ ಕೊಂದರು. 1880ರ ದಶಕದ ಕೊನೆಗೆ ಅವು ನೂರುಗಳ ಲೆಕ್ಕಕ್ಕೆ ಇಳಿದವು. ಬೈಸನ್ ಹೋದ ಮೇಲೆ ಅದನ್ನೇ ನಂಬಿದ್ದ ಬಯಲುಸೀಮೆಯ ಜನ ಅನ್ನಕ್ಕೆ ಸರ್ಕಾರದ ಪಡಿತರ ಕಾಯಬೇಕಾಯಿತು. 1868ರ ಒಪ್ಪಂದದಲ್ಲಿ ಲಕೋಟರಿಗೇ ಬಿಟ್ಟುಕೊಟ್ಟಿದ್ದ ಕಪ್ಪು ಬೆಟ್ಟಗಳಲ್ಲಿ 1874ರಲ್ಲಿ ಚಿನ್ನ ಕಂಡಿತು. ಒಪ್ಪಂದ ಮುರಿಯಿತು, ಯುದ್ಧವಾಯಿತು. 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ ಹೆಂಗಸರು ಮಕ್ಕಳೂ ಸೇರಿ 250ಕ್ಕೂ ಹೆಚ್ಚು ಲಕೋಟರು ಸೈನ್ಯದ ಗುಂಡಿಗೆ ಬಲಿಯಾದರು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕಪ್ಪು ಬೆಟ್ಟಗಳನ್ನು ಕಿತ್ತುಕೊಂಡಿದ್ದಕ್ಕೆ ಪರಿಹಾರ ಕೊಡಬೇಕೆಂದು ಹೇಳಿತು. ಲಕೋಟರು ಆ ಹಣ ಮುಟ್ಟಲಿಲ್ಲ. ನಮಗೆ ಬೇಕಾದದ್ದು ಬೆಟ್ಟ ಎಂದರು.

ಕಾಡು ಸರ್ಕಾರದ್ದಾದ ಬಗೆ

ಈಗ ನಮ್ಮ ಸೀಮೆಗೆ ಬರೋಣ. 1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಕೊಳ್ಳೇಗಾಲ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. 1956ರ ನವೆಂಬರ್ 1ರವರೆಗೆ ಇದು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೈಸೂರಿನದು, ಕೊಳ್ಳೇಗಾಲ ಮದರಾಸಿನದು. ಬೆಟ್ಟದ ಮೇಲಿನ ಸೋಲಿಗರಿಗೆ ಈ ಗೆರೆ ಗೊತ್ತಿರಲಿಲ್ಲ. ಅವರಿಗೆ ಬೇರೆಯೇ ಗೆರೆಗಳಿದ್ದವು. ಆ ಮಾತಿಗೆ ಆಮೇಲೆ ಬರುತ್ತೇನೆ.

1882ರಲ್ಲಿ ಮದರಾಸು ಅರಣ್ಯ ಕಾಯಿದೆ ಬಂತು. ಅರಣ್ಯಾಧಿಕಾರಿಗಳು ಗಡಿಕಲ್ಲು ನೆಟ್ಟು ಒಂದೊಂದೇ ಕಾಡನ್ನು ‘ರಿಸರ್ವ್’ ಎಂದು ಘೋಷಿಸಿದರು. ಬೀಟೆ, ತೇಗ, ಬಿದಿರು, ಶ್ರೀಗಂಧ ಲೆಕ್ಕಕ್ಕೆ ಬಂದವು. ಕಾಡು ಕಡಿದು, ಸುಟ್ಟು, ರಾಗಿ ಚೆಲ್ಲಿ, ಒಂದೆರಡು ವರ್ಷಕ್ಕೆ ಜಾಗ ಬದಲಿಸುವ ಬೇಸಾಯ ಅಪರಾಧವಾಯಿತು. ಅದೇ ಶತಮಾನದ ಕೊನೆಯಲ್ಲಿ ಬಿಳಿಗಿರಿರಂಗನ ಬೆಟ್ಟದ ಎತ್ತರದಲ್ಲಿ ಮೋರಿಸ್ ಮನೆತನದವರು ಕಾಫಿ ತೋಟ ಮಾಡಿದರು. ಸೋಲಿಗರು ಅಲ್ಲಿ ಕೂಲಿಗೆ ಹೋದರು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಅಮೆರಿಕದಲ್ಲಿ ನೆಲ ಹೋದದ್ದು ಬಹುಪಾಲು ವಲಸೆ ಬಂದ ರೈತನಿಗೆ. ಇಲ್ಲಿ ಹೋದದ್ದು ಇಲಾಖೆಗೆ. ಅಲ್ಲಿ ಮುರಿಯುವುದಕ್ಕಾದರೂ ಒಂದು ಒಪ್ಪಂದವಿತ್ತು. ಇಲ್ಲಿ ಅದೂ ಇರಲಿಲ್ಲ. ಸೈನ್ಯ ಬರಲಿಲ್ಲ, ಫಿರಂಗಿ ಸಿಡಿಯಲಿಲ್ಲ. ಒಬ್ಬ ಗಾರ್ಡು, ಒಂದು ರಸೀತಿ ಪುಸ್ತಕ, ಒಂದು ಗಡಿಕಲ್ಲು ಸಾಕಾಯಿತು.

ಯೆಲ್ಲೋಸ್ಟೋನಿನಿಂದ ಬಂದ ಕಲ್ಪನೆ

ಎರಡು ಕತೆಗಳು ನಿಜವಾಗಿ ಕೂಡುವ ಜಾಗ ಒಂದಿದೆ. 1872ರಲ್ಲಿ ಅಮೆರಿಕ ಯೆಲ್ಲೋಸ್ಟೋನ್ ಎಂಬಲ್ಲಿ ಪ್ರಪಂಚದ ಮೊದಲ ರಾಷ್ಟ್ರೀಯ ಉದ್ಯಾನ ಸ್ಥಾಪಿಸಿತು. ಅಲ್ಲಿ ಶೋಶೋನಿ ಮುಂತಾದ ಜನ ಸಾವಿರಾರು ವರ್ಷದಿಂದ ಬೇಟೆಯಾಡಿಕೊಂಡಿದ್ದರು. ಅವರನ್ನು ಹೊರಗೆ ಕಳಿಸಿ, ‘ಮನುಷ್ಯ ಮುಟ್ಟದ ಕಾಡು’ ಎಂದು ಪ್ರವಾಸಿಗಳಿಗೆ ತೋರಿಸಲಾಯಿತು. 1886ರಿಂದ 1918ರವರೆಗೆ ಆ ಉದ್ಯಾನವನ್ನು ಕಾದದ್ದು ಸೈನ್ಯ. ಕಾಡೆಂದರೆ ಜನವಿಲ್ಲದ ಜಾಗ ಎಂಬ ಕಲ್ಪನೆ ಅಲ್ಲಿಂದ ಲೋಕವೆಲ್ಲ ಹರಡಿತು.

ಸರಿಯಾಗಿ ನೂರು ವರ್ಷದ ಮೇಲೆ, 1972ರಲ್ಲಿ, ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಅಂಥದೊಂದು ಕಾಯಿದೆ ಬೇಕಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ಬೇಟೆಯ ಷೋಕಿಯಿಂದ ಹುಲಿ ಮುಗಿದೇಹೋಗುವುದರಲ್ಲಿತ್ತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. 1987ರಲ್ಲಿ ಅದರ ವಿಸ್ತಾರ ಸುಮಾರು 540 ಚದರ ಕಿಲೋಮೀಟರಿಗೆ ಏರಿತು. ಸೋಲಿಗರ ಬೇಟೆ ನಿಂತಿತು, ಬೇಸಾಯ ನಿಂತಿತು. ಕಾಡೊಳಗೆ ಚದುರಿದ್ದ ಪೋಡುಗಳನ್ನು ಎಬ್ಬಿಸಿ ಅಂಚುಗಳಲ್ಲಿ ಕೂಡಿಸಿದರು. ಜೇನು, ನೆಲ್ಲಿ, ಪಾಚಿ, ಸೀಗೆ ಮಾತ್ರ ಉಳಿದವು. ಅವನ್ನು ಲ್ಯಾಂಪ್ಸ್ ಸಂಘಕ್ಕೆ ಹಾಕಿ ಬದುಕಿದರು. ವನ್ಯಜೀವಿ ಕಾಯಿದೆಯ 2002ರ ತಿದ್ದುಪಡಿಯ ಬಳಿಕ ಅದಕ್ಕೂ ತಡೆ ಬಂತು.

ಇದರ ಜೊತೆಗೆ ಇನ್ನೊಂದು ಪೆಟ್ಟು ಬಿತ್ತು. ಅದನ್ನು ಈ ಊರಿನ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ವೀರಪ್ಪನ್ ಬೇಟೆಯ ವರ್ಷಗಳಲ್ಲಿ ಎರಡು ರಾಜ್ಯಗಳ ಕಾರ್ಯಪಡೆಗಳು ಈ ಕಾಡನ್ನು ಶೋಧಿಸಿದವು. ವೀರಪ್ಪನ್ ಕಡೆಯವರ ಗುಂಡಿಗೂ ಸಿಡಿಮದ್ದಿಗೂ ಪೊಲೀಸರು, ಅರಣ್ಯ ಸಿಬ್ಬಂದಿ, ಹಳ್ಳಿಗರು ಬಲಿಯಾದರು. ಕಾರ್ಯಪಡೆಗಳ ವಿಚಾರಣೆಯಲ್ಲಿ ಸೋಲಿಗರು, ಹಳ್ಳಿಯ ಬಡವರು ಹಿಂಸೆ ಅನುಭವಿಸಿದರೆಂಬ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ಪರಿಶೀಲಿಸಿತು. 2004ರಲ್ಲಿ ವೀರಪ್ಪನ್ ಸತ್ತ. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು.

ಕಾಡಿನ ಪಹಣಿ

ಈಗ ಆ ಬೇರೆ ಗೆರೆಗಳ ಮಾತು. ಈ ಕಾಡು ಖಾಲಿ ಇರಲಿಲ್ಲ ಎನ್ನುವುದಕ್ಕೆ ಸಾಕ್ಷಿ ಎಲ್ಲಿದೆ? ಸೋಲಿಗರ ಹತ್ತಿರ ಪಟ್ಟಾ ಇರಲಿಲ್ಲ. ಆದರೆ ‘ಯಲ್ಲೆ’ ಇತ್ತು. ಒಂದೊಂದು ಕುಲಕ್ಕೆ ಕಾಡಿನಲ್ಲಿ ಒಂದೊಂದು ಯಲ್ಲೆ. ಆ ಯಲ್ಲೆಯೊಳಗೆ ದೇವರ ಜಾಗ, ಮಾರಮ್ಮನ ಜಾಗ, ವೀರರ ಜಾಗ, ನೀರಿನ ಅಬ್ಬಿ, ಸತ್ತವರ ನೆನಪಿಗೆ ಕಲ್ಲುಗುಡಿ. ಯಾವ ಕುಲ ಎಲ್ಲಿ ಪೂಜೆ ಮಾಡಬೇಕು ಎಂಬುದಕ್ಕೆ ತಲೆಮಾರುಗಳ ಕಟ್ಟಳೆಯಿದೆ. ಇದು ಬಾಯಲ್ಲಿ ಉಳಿದ ಪಹಣಿಯಲ್ಲದೆ ಮತ್ತೇನು?

ನಮ್ಮ ದೇವರುಗಳೇ ಸಾಕ್ಷಿ ಹೇಳುತ್ತಾರೆ. ಬಿಳಿಗಿರಿರಂಗ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ. ಆದ್ದರಿಂದ ಸೋಲಿಗರಿಗೆ ರಂಗಪ್ಪ ಭಾವ. ಮಹದೇಶ್ವರನ ಕಾವ್ಯದಲ್ಲಿ ಸಂಕಮ್ಮ, ನೀಲೇಗೌಡರ ಕತೆ ನಡೆಯುವುದೇ ಸೋಲಿಗರ ಕಾಡಿನಲ್ಲಿ. ಕಾರಯ್ಯನನ್ನು ಸೋಲಿಗರು ತಮ್ಮ ಮೂಲಪುರುಷನೆನ್ನುತ್ತಾರೆ. ಹೊರಗಿನಿಂದ ಬಂದ ದೇವರು ಕೂಡ ಮೊದಲು ಅಲ್ಲಿದ್ದವರೊಡನೆ ನಂಟಸ್ತಿಕೆ ಬೆಳೆಸಿಕೊಂಡೇ ಬೆಟ್ಟದಲ್ಲಿ ನೆಲೆನಿಂತ. ಅರಣ್ಯ ಕಾಯಿದೆ ಮಾತ್ರ ಯಾರನ್ನೂ ಕೇಳಲಿಲ್ಲ.

2006ರಲ್ಲಿ ಅರಣ್ಯ ಹಕ್ಕು ಕಾಯಿದೆ ಬಂತು. ಬುಡಕಟ್ಟು ಜನರಿಗೆ ಆಗಿರುವುದು ‘ಐತಿಹಾಸಿಕ ಅನ್ಯಾಯ’ ಎಂದು ಅದರ ಪೀಠಿಕೆಯೇ ಒಪ್ಪಿಕೊಳ್ಳುತ್ತದೆ. ಸೋಲಿಗರು ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಜಿಪಿಎಸ್ ಯಂತ್ರ ಹಿಡಿದು ಕಾಡು ತಿರುಗಿ, ನೂರಾರು ಪೂಜಾಸ್ಥಳಗಳನ್ನು ನಕ್ಷೆಗೆ ಏರಿಸಿದರು. 2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ಮಾನ್ಯವಾದ ದೇಶದ ಮೊದಮೊದಲ ಪ್ರಕರಣಗಳಲ್ಲಿ ಇದೂ ಒಂದು. ಹಾಗಾದರೆ ಹುಲಿಗೆ ತೊಂದರೆಯಾಯಿತೆ? 2010ರಿಂದ 2014ರೊಳಗೆ ಇಲ್ಲಿನ ಹುಲಿಗಳ ಸಂಖ್ಯೆ 35ರಿಂದ 68ಕ್ಕೆ ಏರಿತೆಂದು ವರದಿಯಾಗಿದೆ.

ಸೋಲಿಗರ ಇನ್ನೊಂದು ತಿಳಿವಳಿಕೆಯನ್ನೂ ಹೇಳಬೇಕು. ಬೇಸಿಗೆಯ ಆರಂಭದಲ್ಲೇ ಅವರು ನೆಲದ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದು ‘ತರಗು ಬೆಂಕಿ’. ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಂಟಾನ ಪೊದೆ ಕಾಡನ್ನು ನುಂಗಿತು. ಹುಲ್ಲು ಹೋಯಿತು, ದೊಡ್ಡ ಬೆಂಕಿ ಬಂತು. ಸೋಲಿಗ ಸಮುದಾಯದ ವಿದ್ವಾಂಸ ಡಾ. ಸಿ. ಮಾದೇಗೌಡರು ಈ ವಿಷಯ ಬರೆದಿದ್ದಾರೆ. ವಿಜ್ಞಾನಿಗಳೂ ಈಗ ಅದನ್ನು ಕಿವಿಗೊಟ್ಟು ಕೇಳುತ್ತಿದ್ದಾರೆ.

ಅಮೆರಿಕದಿಂದ ಕಲಿಯಬಹುದಾದ ಒಂದು ಪಾಠವೂ ಈ ಕಾಯಿದೆಯಲ್ಲಿದೆ. 1887ರಲ್ಲಿ ಅಲ್ಲಿ ಬುಡಕಟ್ಟಿನ ಸಾಮೂಹಿಕ ನೆಲವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಹಂಚಿದರು. ಮಿಕ್ಕಿದ್ದನ್ನು ಹೊರಗಿನವರಿಗೆ ಕೊಟ್ಟರು. ಹಂಚಿದ ತುಂಡುಗಳೂ ಸಾಲಕ್ಕೆ, ಮೋಸಕ್ಕೆ ಮಾರಿಹೋದವು. 13.8 ಕೋಟಿ ಎಕರೆ ಇದ್ದದ್ದು 1934ರ ಹೊತ್ತಿಗೆ 4.8 ಕೋಟಿ ಎಕರೆಗೆ ಇಳಿಯಿತು. ನಮ್ಮ ಅರಣ್ಯ ಹಕ್ಕು ಕಾಯಿದೆಯಲ್ಲಿ ಸಿಕ್ಕ ಜಮೀನನ್ನು ಪರಭಾರೆ ಮಾಡುವಂತಿಲ್ಲ. ಇಡೀ ಊರಿಗೆ ಸೇರಿದ ಹಕ್ಕೂ ಇದೆ. ಇದನ್ನು ಕಾಪಾಡಿಕೊಳ್ಳಬೇಕು.

ಬಂದವರು ನಾವೂ ಹೌದು

ಈ ಸಭೆಯಲ್ಲಿ ಎಲ್ಲರೂ ಸೋಲಿಗರಲ್ಲ. ಬಯಲಿನಿಂದ ಬಂದು ಮುಸುಕಿನ ಜೋಳ, ರಾಗಿ ಬೆಳೆಯುವ ಕುಟುಂಬಗಳಿವೆ. ಬರಗೂರಿನ ಕಡೆಯಿಂದ, ತಮಿಳುಸೀಮೆಯಿಂದ ಬಂದವರಿದ್ದಾರೆ. ಹತ್ತಿರದ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟಿನ ನಿರಾಶ್ರಿತರು ನೆಲೆಸಿದ್ದಾರೆ. ತಮ್ಮ ನೆಲ ಕಳೆದುಕೊಂಡವರಿಗೆ ಈ ನಾಡು ನೆಲ ಕೊಟ್ಟಿತು. ಅದು ದೊಡ್ಡತನವೇ. ಆದರೆ ಆ ನೆಲವೂ ಹಿಂದೆ ಕಾಡು, ಆ ಕಾಡಿಗೂ ಹಳೆಯ ನಂಟುಗಳಿದ್ದವು ಎಂಬುದನ್ನು ಮರೆಯಬಾರದು. ಬಡವನೊಬ್ಬ ನೆಲೆ ಕಂಡುಕೊಳ್ಳುವಾಗ ಇನ್ನೊಬ್ಬ ಬಡವ ಜಾಗ ಬಿಡಬೇಕಾಗಿ ಬರುವುದು ಅಮೆರಿಕದ ಕತೆಯಷ್ಟೇ ಅಲ್ಲ.

ಇದು ಮುಗಿದ ಇತಿಹಾಸವೂ ಅಲ್ಲ. 2013ರಲ್ಲಿ ಮಲೆ ಮಹದೇಶ್ವರ ಬೆಟ್ಟದ 906 ಚದರ ಕಿಲೋಮೀಟರ್ ಕಾಡು ವನ್ಯಧಾಮವಾಯಿತು. ಅದನ್ನು ಹುಲಿ ಮೀಸಲು ಮಾಡುವ ಪ್ರಸ್ತಾವಕ್ಕೆ ಇಲ್ಲಿ ವಿರೋಧವಿರುವುದು ನಿಮಗೆ ಗೊತ್ತು. 2025ರ ಜೂನಿನಲ್ಲಿ ಅದೇ ಕಾಡಿನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ವಿಷವಿಕ್ಕಿದ ಹಸುವಿನ ಮಾಂಸ ತಿಂದು ಸತ್ತವು. ಹಸು ಕಳೆದುಕೊಂಡವನ ಸಂಕಟ ನಿಜ. ಹುಲಿಯ ಸಾವೂ ನಷ್ಟವೇ. ಆದರೆ ಜನರನ್ನು ಕಾಡಿನ ಶತ್ರುಗಳೆಂದು ಎಣಿಸುತ್ತ ಹೋದರೆ ಒಂದು ದಿನ ಅವರೂ ಕಾಡನ್ನು ಶತ್ರುವೆಂದೇ ಎಣಿಸುತ್ತಾರೆ.

ವರದಿಗಾರನಾಗಿ ನಾನು ನೋಡಿರುವಂತೆ ಈ ಜಗಳ ತೀರುವ ಜಾಗ ವಿಧಾನಸೌಧವಲ್ಲ, ಗ್ರಾಮಸಭೆ. ಅರಣ್ಯ ಹಕ್ಕಿನ ಅರ್ಜಿ ಮೊದಲು ಬರುವುದು ಅಲ್ಲಿಗೆ. ಗ್ರಾಮಸಭೆಗೆ ಹೋಗಿ, ಮಾತಾಡಿ, ನಡಾವಳಿಯಲ್ಲಿ ಬರೆಸಿ. ಬೆಟ್ಟದ ಹಾಡು ಗೊತ್ತಿರುವ ಅಜ್ಜಅಜ್ಜಿಯರು ಇನ್ನೂ ಇರುವಾಗಲೇ ಮಕ್ಕಳು ಯಲ್ಲೆಗಳ ಹೆಸರು ಬರೆದಿಟ್ಟುಕೊಳ್ಳಲಿ. ಯಾರಾದರೂ ಬಂದು ಈ ನೆಲ ಖಾಲಿ ಇತ್ತು ಎಂದರೆ ಹೇಳುವುದಕ್ಕೆ ಹೆಸರುಗಳಿರಬೇಕು. ಚೆರೋಕೀಗಳಿಗೆ ಕೋರ್ಟಿನ ತೀರ್ಪಿದ್ದರೂ ನೆಲ ಉಳಿಯಲಿಲ್ಲ. ಅವರ ಬೆನ್ನಿಗೆ ನೆರೆಹೊರೆಯವರು ನಿಲ್ಲಲಿಲ್ಲ. ಇಲ್ಲಿ ಕಾಯಿದೆ ಇದೆ. ನೆರೆಹೊರೆಯವರು ನಾವಿದ್ದೇವೆ. ನಾವು ಯಾರ ಪಕ್ಕ ನಿಲ್ಲುತ್ತೇವೆ ಎಂಬುದಷ್ಟೇ ಉಳಿದಿರುವ ಪ್ರಶ್ನೆ.