ಮಕ್ಕಳ ಉಸಿರಿಗೆ ಎಷ್ಟು ಬಲ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಶಾಲೆಗಳಿಗೆ ಆರೋಗ್ಯ ತಪಾಸಣೆಯ ತಂಡ ಬಂದರೆ ಮಕ್ಕಳ ಎತ್ತರ, ತೂಕ ನೋಡುತ್ತಾರೆ. ಕಣ್ಣು, ಹಲ್ಲು ಪರೀಕ್ಷಿಸುತ್ತಾರೆ. ಆದರೆ ಆ ಮಗು ಎಷ್ಟು ಬಲವಾಗಿ ಉಸಿರು ಎಳೆದುಕೊಳ್ಳಬಲ್ಲದು, ಎಷ್ಟು ಬಲವಾಗಿ ಊದಬಲ್ಲದು ಎಂದು ನೋಡುವ ರೂಢಿ ಇಲ್ಲ. ಆ ಬಲವನ್ನು ಅಳೆಯುವ ವಿದ್ಯೆ ಬೆಳೆದು ಬಂದ ಬಗೆಯನ್ನು ಇವತ್ತು ನೋಡೋಣ.

ಶ್ವಾಸಕೋಶ ತಾನಾಗಿ ಹಿಗ್ಗುವುದಿಲ್ಲ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಕೆಳಗಿಳಿಯಬೇಕು, ಪಕ್ಕೆಲುಬಿನ ಸ್ನಾಯುಗಳು ಎದೆಗೂಡನ್ನು ಎತ್ತಬೇಕು. ಆಗ ಗಾಳಿ ಒಳಗೆ ಬರುತ್ತದೆ. ಜೋರಾಗಿ ಊದುವುದಕ್ಕೆ, ಕೆಮ್ಮಿ ಕಫ ಹೊರಹಾಕುವುದಕ್ಕೆ ಹೊಟ್ಟೆಯ ಸ್ನಾಯುಗಳು ಬೇಕು. ಸೌದೆ ಒಲೆಯ ಮುಂದೆ ಕೂತು ಊದುಗೊಳವೆಯಲ್ಲಿ ಕೆಂಡ ಕೆರಳಿಸುವ ಅಜ್ಜಿ ಬಳಸುವುದು ಈ ಎರಡನೆಯ ಬಲವನ್ನೇ.

1846ರಲ್ಲಿ ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ ಒಂದು ದೊಡ್ಡ ವರದಿ ಪ್ರಕಟಿಸಿದ. ಸ್ಪೈರೋಮೀಟರ್ ಎಂಬ ಉಪಕರಣ ಮಾಡಿ, ಪೊಲೀಸರು, ಸೈನಿಕರು, ನಾವಿಕರು, ಕುಸ್ತಿ ಪಟುಗಳು ಎಂದು 2,000ಕ್ಕೂ ಹೆಚ್ಚು ಜನರ ಎದೆಯಲ್ಲಿ ಎಷ್ಟು ಗಾಳಿ ಹಿಡಿಯುತ್ತದೆಂದು ಲೆಕ್ಕ ಹಾಕಿದ್ದ. ಅವನ ಹೆಸರು ಉಳಿದದ್ದು ಇದರಿಂದ. ಆದರೆ ಅದೇ ವರದಿಯಲ್ಲಿ ಇನ್ನೊಂದು ಕೆಲಸವೂ ಇತ್ತು. ಪಾದರಸ ತುಂಬಿದ ಕೊಳವೆಯನ್ನಿಟ್ಟು, ಜನ ಎಷ್ಟು ಬಲವಾಗಿ ಎಳೆಯುತ್ತಾರೆ, ಎಷ್ಟು ಬಲವಾಗಿ ಊದುತ್ತಾರೆ ಎಂದೂ ಅವನು ಅಳೆದಿದ್ದ. ಎಳೆಯುವ ಬಲಕ್ಕಿಂತ ಊದುವ ಬಲ ಹೆಚ್ಚು ಎಂಬುದು ಅವನಿಗೆ ಆಗಲೇ ತಿಳಿದಿತ್ತು.

ಆಮೇಲೆ ಈ ವಿಷಯಕ್ಕೆ ತುರ್ತು ತಂದದ್ದು ಪೋಲಿಯೊ. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿದಾಗ ಅನೇಕರ ಉಸಿರಾಟದ ಸ್ನಾಯುಗಳೇ ಸೋತುಹೋದವು. ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು, ಕೈಯಿಂದ ಚೀಲ ಒತ್ತಿ, ರೋಗಿಗಳಿಗೆ ಗಾಳಿ ಕೊಟ್ಟರು. ಶ್ವಾಸಕೋಶ ಚೆನ್ನಾಗಿದ್ದರೂ ಸ್ನಾಯು ಸೋತರೆ ಜೀವ ಹೋಗುತ್ತದೆ ಎಂಬುದನ್ನು ಜಗತ್ತು ಕಣ್ಣಾರೆ ಕಂಡಿತು.

ಇಂದಿನ ಪರೀಕ್ಷೆಗೆ ಸರಳ ರೂಪ ಕೊಟ್ಟವರು ಅಮೆರಿಕದ ಬ್ಲ್ಯಾಕ್ ಮತ್ತು ಹೈಯಟ್, 1969ರಲ್ಲಿ. ಮೂಗಿಗೆ ಕ್ಲಿಪ್ಪು, ಬಾಯಿಗೆ ಮುಚ್ಚಿದ ಕೊಳವೆ, ಅದಕ್ಕೊಂದು ಒತ್ತಡದ ಮಾಪಕ. ಉಸಿರನ್ನೆಲ್ಲ ಹೊರಹಾಕಿ ಶಕ್ತಿ ಮೀರಿ ಎಳೆಯಬೇಕು. ಎದೆ ತುಂಬಿಸಿಕೊಂಡು ಶಕ್ತಿ ಮೀರಿ ಊದಬೇಕು. ಒತ್ತಡವನ್ನು ಒಂದು ಸೆಕೆಂಡಾದರೂ ಹಿಡಿದಿಡಬೇಕು. ಆ ಬಲ ನೀರನ್ನು ಎಷ್ಟು ಸೆಂಟಿಮೀಟರ್ ಎತ್ತರಕ್ಕೆ ಏರಿಸಬಲ್ಲದೋ ಅದೇ ಅಂಕಿ. ಕೊಳವೆಯಲ್ಲಿ 2 ಮಿಲಿಮೀಟರಿನ ಒಂದು ಸಣ್ಣ ತೂತು ಇರುತ್ತದೆ. ಅದಿಲ್ಲದಿದ್ದರೆ ಬರೀ ಕೆನ್ನೆಯ ಬಲದಿಂದ ಮುಳ್ಳನ್ನು ಏರಿಸಿ ಪರೀಕ್ಷಕರನ್ನು ಏಮಾರಿಸಬಹುದು!

ಆದರೆ ಬ್ಲ್ಯಾಕ್ ಮತ್ತು ಹೈಯಟ್ ಅಳೆದದ್ದು ದೊಡ್ಡವರನ್ನು. ಮಗುವಿನ ಅಂಕಿ 60 ಬಂದರೆ ಅದು ಕಡಿಮೆಯೋ ಸರಿಯೋ? ಅದನ್ನು ಹೇಳಲು ಆರೋಗ್ಯವಂತ ಮಕ್ಕಳ ಅಂಕಿ ಬೇಕು. 1983ರಲ್ಲಿ ಗೋಲ್ಟಿಯೆ ಮತ್ತು ಜಿನ್‌ಮನ್ ಅದನ್ನು ಕೊಟ್ಟರು. ಮರುವರ್ಷ ಬ್ರಿಟನ್ನಿನ ವಿಲ್ಸನ್ ಮತ್ತು ಸಂಗಡಿಗರು 7ರಿಂದ 17 ವರ್ಷದ ಮಕ್ಕಳಿಗೆ ಸೂತ್ರವನ್ನೇ ಬರೆದರು. 1999ರಲ್ಲಿ ಸ್ವಿಟ್ಜರ್ಲೆಂಡಿನವರು ಮಕ್ಕಳಿಗೆ ಇನ್ನೂ ಸುಲಭದ ದಾರಿ ತೋರಿಸಿದರು. ಮೂಗಿನ ಒಂದು ಹೊಳ್ಳೆಗೆ ಬಿರಡೆ ಹಾಕಿ, ಇನ್ನೊಂದರಿಂದ ಜೋರಾಗಿ ಮೂಸಿದರೆ ಸಾಕು.

ವಿಲ್ಸನ್ ಅವರ ಸೂತ್ರವನ್ನು ನಮ್ಮ ಮಕ್ಕಳ ಮೇಲಿಟ್ಟು ನೋಡಿ. ಹುಡುಗರ ಎಳೆಯುವ ಬಲವನ್ನು ಅದು ತೂಕದಿಂದ ಲೆಕ್ಕ ಹಾಕುತ್ತದೆ: 44.5ಕ್ಕೆ, ತೂಕದ ಮುಕ್ಕಾಲು ಪಾಲು ಕೂಡಿಸಬೇಕು. ಹನ್ನೆರಡರ ಹುಡುಗ 40 ಕಿಲೋ ಇದ್ದರೆ ನಿರೀಕ್ಷೆ 74.5. ಅದೇ ವಯಸ್ಸಿನ ಹುಡುಗ 28 ಕಿಲೋ ಇದ್ದರೆ 65.5. ಎಂದರೆ, ಹೊಟ್ಟೆಗೆ ಸಾಲದೆ ಸೊರಗಿದ ಮಗುವಿಗೆ ಸೂತ್ರವೇ ನಿರೀಕ್ಷೆಯನ್ನು ಇಳಿಸಿಬಿಡುತ್ತದೆ. ಅವನ ಸ್ನಾಯು ಸೊರಗಿದ್ದರೂ ಕಾಗದದ ಮೇಲೆ ಎಲ್ಲ ಸರಿಯಾಗಿ ಕಾಣಬಹುದು. ಬ್ರಿಟನ್ನಿನ ಮಕ್ಕಳಿಗೆ ಮಾಡಿದ ಅಳತೆಗೋಲನ್ನು ಹಾಗೆಯೇ ಎತ್ತಿ ತರಬಾರದು ಎನ್ನುವುದು ಇದಕ್ಕೇ.

ನಮ್ಮ ಸೀಮೆಗೆ ಇದು ಇನ್ನೂ ಹತ್ತಿರದ ಮಾತು. ರಾಮನಗರದಲ್ಲಿ ರೇಷ್ಮೆ ಗೂಡಿನ ದೊಡ್ಡ ಮಾರುಕಟ್ಟೆ ಇದೆ, ಸುತ್ತಮುತ್ತ ನೂಲು ಬಿಚ್ಚಾಣಿಕೆ ಇದೆ. ಗೂಡಿನಿಂದ ನೂಲು ತೆಗೆಯುವ ಫಿಲೇಚರ್‌ಗಳ ಕೆಲಸಗಾರರನ್ನು ಉಬ್ಬಸ ಕಾಡುತ್ತದೆ ಎಂದು 1985ರಲ್ಲೇ ನಮ್ಮ ದೇಶದ ಸಂಶೋಧಕರು ಬರೆದಿದ್ದಾರೆ. ಚನ್ನಪಟ್ಟಣದಲ್ಲಿ ಗೊಂಬೆಗಾಗಿ ಹಾಲೆ ಮರ ಕಡೆಯುವಾಗ ಲೇತಿನಿಂದ ಧೂಳು ಏಳುತ್ತದೆ. ಮನೆಯೇ ಕಾರ್ಖಾನೆಯಾದಲ್ಲಿ ಮಕ್ಕಳೂ ಆ ಗಾಳಿಯಲ್ಲೇ ಬೆಳೆಯುತ್ತಾರೆ. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವಿಟ್ಟು ನೋಡಿದಾಗ, 1979ರಲ್ಲಿ ಶೇಕಡಾ 9 ಇದ್ದ ಉಬ್ಬಸ 1999ಕ್ಕೆ ಶೇಕಡಾ 29.5 ಆಗಿತ್ತು. ಉಬ್ಬಸ ಬಂದಾಗ ಎದೆಯಲ್ಲಿ ಗಾಳಿ ಸಿಕ್ಕಿಕೊಂಡು ವಪೆ ಚಪ್ಪಟೆಯಾಗುತ್ತದೆ, ಅದರ ಬಲ ಕುಗ್ಗುತ್ತದೆ. ಡುಶೆನ್‌ನಂಥ ಸ್ನಾಯು ಕ್ಷಯದ ಕಾಯಿಲೆಯಲ್ಲಂತೂ ಕೆಮ್ಮುವ ಶಕ್ತಿಯೇ ವರ್ಷ ವರ್ಷಕ್ಕೆ ಇಳಿಯುತ್ತದೆ. ಎಷ್ಟು ಇಳಿದಿದೆ ಎಂದು ಗೊತ್ತಾಗಬೇಕಾದರೆ ಅದೇ ವಯಸ್ಸಿನ ಆರೋಗ್ಯವಂತ ಮಗುವಿನ ಅಂಕಿ ಪಕ್ಕದಲ್ಲಿರಬೇಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗಳಿಗೆ ಹೇಗೂ ಹೋಗುತ್ತವೆ. ಉಸಿರಿನ ಬಲ ಅಳೆಯುವ ಮಾಪಕ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಸೂಜಿ ಇಲ್ಲ, ರಕ್ತ ತೆಗೆಯುವುದಿಲ್ಲ. ನಮ್ಮ ಸೀಮೆಯ ಶಾಲೆಗಳಲ್ಲಿ ಎತ್ತರ, ತೂಕದ ಜೊತೆಗೆ ಉಸಿರಿನ ಬಲವನ್ನೂ ಬರೆದಿಟ್ಟರೆ, ನಮ್ಮ ಮಕ್ಕಳಿಗೆ ನಮ್ಮದೇ ಅಳತೆಗೋಲು ಸಿಗುತ್ತದೆ. ವೈದ್ಯಕೀಯ ಕಾಲೇಜುಗಳು ಈ ಕೆಲಸಕ್ಕೆ ಮುಂದೆ ಬರಲಿ. ಅಂಥ ದಿನ ಬಂದಾಗ, ತಂದೆ ತಾಯಂದಿರೇ, ಮೇಷ್ಟ್ರುಗಳೇ, "ನಮ್ಮ ಮಗು ಚೆನ್ನಾಗಿಯೇ ಇದೆ, ಅದಕ್ಕೇಕೆ ಪರೀಕ್ಷೆ" ಎನ್ನಬೇಡಿ. ಚೆನ್ನಾಗಿರುವ ಮಗುವಿನ ಅಂಕಿಯೇ ಕಾಯಿಲೆಯ ಮಗುವಿಗೆ ಆಧಾರ.