ಮರದ ತುದಿಯಲ್ಲಿ ಕೊಕ್ಕೆ ಹಾಕೋ ಮೊದಲು

ಇವತ್ತಿನ ಮಾತು ಜಿಪ್‌ಲೈನ್ ಬಗ್ಗೆ. ರೀಲ್ಸ್‌ನಲ್ಲಿ ನೋಡಿರ್ತೀರಿ: ಹೆಲ್ಮೆಟ್ ಹಾಕಿದವರು ಯಾರೋ ಕಿರುಚ್ಕೊಂಡು ಕಾಡಿನ ಮೇಲೆ ಹಾರಿಹೋಗ್ತಾರೆ, ಹದಿನೈದು ಸೆಕೆಂಡು, ಮುಗೀತು. ಮುಂದಿನ ರಜೆಯಲ್ಲಿ ನಿಮ್ಮಲ್ಲೂ ಕೆಲವರು ಹಾಗೆ ನೇತಾಡೋರೇ. ಅದಕ್ಕೇ ಹಗ್ಗದ ಕಥೆ ಸ್ವಲ್ಪ ಹೇಳಿಬಿಡ್ತೀನಿ.

ಈ ಆಟ ಜಗತ್ತಿಗೆಲ್ಲ ಹಬ್ಬಿದ್ದು ಮುಖ್ಯವಾಗಿ ಮಧ್ಯ ಅಮೆರಿಕದ ಕೋಸ್ಟರಿಕಾದಿಂದ. ಆದರೆ ಅಲ್ಲಿ ಮೊದಮೊದಲು ಹಗ್ಗ ಹಿಡಿದು ಮರದ ನೆತ್ತಿಗೆ ಏರಿದವರು ಪ್ರವಾಸಿಗರಲ್ಲ, ವಿಜ್ಞಾನಿಗಳು. 1970ರ ದಶಕದಲ್ಲಿ ಡೊನಾಲ್ಡ್ ಪೆರಿ ಎಂಬ ಅಮೆರಿಕದ ಜೀವಶಾಸ್ತ್ರಜ್ಞ ಅಡ್ಡಬಿಲ್ಲಿನಿಂದ ದಾರ ಹಾರಿಸಿ, ಆ ದಾರದಲ್ಲಿ ಹಗ್ಗ ಎಳೆದು, ಪರ್ವತಾರೋಹಿಗಳ ಹಾಗೆ ಮೇಲಕ್ಕೆ ಹೋದರು. ನೆಲದಲ್ಲಿ ನಿಂತ್ರೆ ಮಳೆಕಾಡಿನ ಅರ್ಧ ಜೀವನ ಕಾಣೋದೇ ಇಲ್ಲ ನೋಡಿ. ಹೂವು, ಹಣ್ಣು, ಕೋತಿ, ಕಪ್ಪೆ, ಆರ್ಕಿಡ್, ಎಲ್ಲ ಮೇಲಿನ ಮಹಡಿಯಲ್ಲಿ. ಮುಂದೆ 1994ರಲ್ಲಿ ಅವರೇ ಕಾಡಿನ ಮೇಲೆ ನಿಧಾನಕ್ಕೆ ಸಾಗೋ ಕೇಬಲ್ ಕಾರು ಶುರುಮಾಡಿದರು.

ಇನ್ನೊಬ್ಬರು ನಳಿನಿ ನಾಡಕರ್ಣಿ. ತಂದೆ ಭಾರತದವರು, ಬೆಳೆದದ್ದು ಅಮೆರಿಕದಲ್ಲಿ. ಕೋಸ್ಟರಿಕಾದ ಮೊಂಟೆವೆರ್ಡೆ ಅನ್ನೋ ಮೋಡದ ಕಾಡಿನಲ್ಲಿ ದಶಕಗಟ್ಟಲೆ ಹಗ್ಗದಲ್ಲಿ ನೇತಾಡಿಕೊಂಡೇ ಸಂಶೋಧನೆ ಮಾಡಿದವರು. ಕೊಂಬೆಗಳ ಮೇಲೆ ಪಾಚಿ, ಮಣ್ಣು ದಪ್ಪಗೆ ಕೂತಿರುತ್ತಲ್ಲ, ಅದರೊಳಗೆ ಮರವೇ ತನ್ನ ಕೊಂಬೆಯಿಂದ ಬೇರು ಬಿಟ್ಟು ನೀರು, ಸಾರ ಹೀರ್ಕೊಳ್ಳುತ್ತೆ ಅಂತ 1981ರಲ್ಲಿ ತೋರಿಸಿದರು. ಆ ಪಾಚಿ ಕಿತ್ತುಹಾಕಿದ್ರೆ ಮತ್ತೆ ಬೆಳೆಯೋಕೆ ವರ್ಷಗಟ್ಟಲೆ ಬೇಕು. ನಾವು ಕಾಲೂರಿ ಸೆಲ್ಫಿ ತಗೊಳ್ಳೋ ಕೊಂಬೆಯದ್ದೂ ಇದೇ ಕಥೆ.

ಇಷ್ಟು ಅನುಭವ ಇದ್ದವರು 2015ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡೊಂದರಲ್ಲಿ ಹಗ್ಗ ಕೈಕೊಟ್ಟು ಸುಮಾರು 50 ಅಡಿಯಿಂದ ಬಿದ್ದರು. ಮೂಳೆ ಮುರೀತು, ಆದರೂ ಬದುಕಿದರು, ಮತ್ತೆ ಕೆಲಸಕ್ಕೆ ಮರಳಿದರು. ಹೆದರಿಸೋಕೆ ಹೇಳ್ತಿಲ್ಲ. ಹಗ್ಗಕ್ಕೆ ನಮ್ಮ ಅನುಭವ ಗೊತ್ತಾಗಲ್ಲ, ಅಷ್ಟೇ.

ಈಗ ಕೆಲಸದ ಮಾತಿಗೆ ಬರೋಣ. ಮರದ ಕಟ್ಟೆಯ ಮೇಲೆ ನಿಂತಾಗ ನಿಮ್ಮ ಸೊಂಟದ ಪಟ್ಟಿಯಿಂದ ಎರಡು ಕೊಂಡಿ ಇರಬೇಕು. ಒಂದನ್ನ ಬಿಚ್ಚಿ ಬೇರೆ ಕಡೆ ಹಾಕೋವಾಗ ಇನ್ನೊಂದು ಸಿಕ್ಕಿಕೊಂಡೇ ಇರಬೇಕು. ಎರಡೂ ಬಿಚ್ಚಿದ ಕ್ಷಣ ನೀವು ಸುಮ್ನೆ ಎತ್ತರದಲ್ಲಿ ನಿಂತಿರೋ ಮನುಷ್ಯ. ನಾನು ಗೈಡ್‌ಗೆ "ಅಣ್ಣ, ಇನ್ನೊಂದ್ಸಲ ನೋಡಿ" ಅಂತ ಹೇಳೇ ಹೇಳ್ತೀನಿ, ಹಿಂದೆ ಕ್ಯೂನಲ್ಲಿರೋರು ನಕ್ಕರೂ ಪರವಾಗಿಲ್ಲ.

ಆಮೇಲೆ ಬ್ರೇಕ್. ಕೆಲವು ಕಡೆ ದಪ್ಪ ತೊಗಲಿನ ಗ್ಲೌಸ್ ಹಾಕಿ ಕೈಯಲ್ಲೇ ಕೇಬಲ್ ಒತ್ತಬೇಕು. ಕೈ ಯಾವಾಗ್ಲೂ ರಾಟೆಯ ಹಿಂದೆ, ಮುಂದೆ ಇಟ್ರೆ ಬೆರಳು ಹೋಯ್ತು. ಮಳೆ ಬಂದು ಕೇಬಲ್ ಒದ್ದೆಯಾದ್ರೆ ಕೈ ಜಾರುತ್ತೆ, ವೇಗ ಹೆಚ್ಚುತ್ತೆ. ತೂಕ ಕಡಿಮೆ ಇದ್ದೋರು ಮಧ್ಯದಲ್ಲೇ ನಿಂತುಬಿಡಬಹುದು, ಹೆಚ್ಚಿದ್ದೋರು ಆ ತುದಿಗೆ ಜೋರಾಗಿ ಬರ್ತಾರೆ. ಅದಕ್ಕೇ ತೂಕ ಕೇಳಿದ್ರೆ ನಾಚ್ಕೋಬೇಡಿ, ನಿಜ ಹೇಳಿ. ನೀವು ಒಂದು ಪ್ರಶ್ನೆ ಕೇಳಿ: "ನಾನೂ ನಿಲ್ಲಿಸಲಿಲ್ಲ, ನೀವೂ ನಿಲ್ಲಿಸಲಿಲ್ಲ ಅಂದ್ರೆ ಆ ಕಡೆ ನನ್ನನ್ನ ನಿಲ್ಲಿಸೋದು ಏನು?" ಸ್ಪ್ರಿಂಗೋ ಬೇರೆ ಬ್ರೇಕೋ ಬೆರಳು ಮಾಡಿ ತೋರಿಸಿದ್ರೆ ಸರಿ. "ಏನೂ ಆಗಲ್ಲ ಸಾರ್" ಅಂದ್ರೆ ದುಡ್ಡು ವಾಪಸ್ ಕೇಳಿ. ಗುಡುಗು ಕೇಳಿಸ್ತಿದ್ರೂ ಲೈನ್ ಓಡಿಸ್ತಿದ್ದಾರೆ ಅಂದ್ರೆ ಪ್ರಶ್ನೆಯೂ ಬೇಡ, ಇಳಿದುಬಿಡಿ. ಕೊಡಗು, ಚಿಕ್ಕಮಗಳೂರು, ದಾಂಡೇಲಿ ಕಡೆಯ ರೆಸಾರ್ಟ್‌ಗಳಲ್ಲೂ ಜಿಪ್‌ಲೈನ್ ಇದೆ. ಅಲ್ಲೂ ಇದನ್ನೇ ಕೇಳಿ.

ಹಾಗೇ ಕೇಬಲ್ ಮರಕ್ಕೆ ಹೇಗೆ ಕಟ್ಟಿದ್ದಾರೆ ನೋಡಿ. ತೊಗಟೆಯ ಕೆಳಗಿನ ತೆಳು ಪದರದಲ್ಲೇ ಮರ ದಪ್ಪವಾಗೋದು, ಆಹಾರ ಹರಿಯೋದೂ ತೊಗಟೆಯಲ್ಲೇ. ಉಕ್ಕಿನ ಹಗ್ಗ ನೇರವಾಗಿ ಬಿಗಿದ್ರೆ ಮರ ಬೆಳೆದ ಹಾಗೆ ಅದು ಕುತ್ತಿಗೆ ಹಿಸುಕುತ್ತೆ. ಮಧ್ಯೆ ಮರದ ತುಂಡುಗಳನ್ನಿಟ್ಟು, ಆಗಾಗ ಸಡಿಲಿಸ್ತಿದ್ರೆ ಆ ಜಾಗ ನಡೆಸೋರಿಗೆ ಕೆಲಸ ಗೊತ್ತಿದೆ ಅಂತ ಲೆಕ್ಕ. ಮರ ಒಳಗೇ ಸಾಯ್ತಿದ್ರೆ ನೀವು ನೇತಾಡ್ತಿರೋದು ಯಾವುದಕ್ಕೆ?

ನನ್ನನ್ನ ಕೇಳಿದ್ರೆ, ಒಂದೇ ಟಿಕೆಟ್‌ಗೆ ದುಡ್ಡಿರೋದು ಅಂದ್ರೆ ಜಿಪ್‌ಲೈನ್ ಬಿಟ್ಟು ತೂಗುಸೇತುವೆ ಆರಿಸ್ಕೊಳ್ಳಿ. ಮೊಂಟೆವೆರ್ಡೆಯಲ್ಲಿ ಎರಡೂ ಇವೆ. ಕೇಬಲ್ ಮೇಲೆ ಹೋದ್ರೆ ಗಾಳಿಯ ಸದ್ದು, ನಮ್ಮದೇ ಕಿರುಚಾಟ. ಸೇತುವೆ ಮೇಲೆ ಹತ್ತು ನಿಮಿಷ ಸುಮ್ನೆ ನಿಂತ್ರೆ ಹಕ್ಕಿಗಳು ನಮ್ಮನ್ನ ಮರೆತು ಹತ್ತಿರ ಬರ್ತವೆ. ಮೇಯಿಂದ ನವೆಂಬರ್‌ವರೆಗೆ ಅಲ್ಲಿ ಮಳೆಗಾಲ, ಮಧ್ಯಾಹ್ನದ ಮೇಲೆ ಸುರಿಯೋದು ಜಾಸ್ತಿ, ಬೆಳಗ್ಗೆ ಬೇಗ ಹೋಗಿ. ಫೋನ್‌ಗೆ ಒಂದು ದಾರ ಕಟ್ಕೊಳ್ಳಿ, ಬಿದ್ರೆ ಸಿಗಲ್ಲ.